ತಾಕೊಂದು

ಜರ್ಸಿ ಸಿಟಿ,
೬ ಅಕ್ಟೋಬರ್ ೨೦೨೫

ಬೀಗರಾದ ಶ್ರೀ ಶಿವಶಂಕರಪ್ಪನವರಿಗೆ,

ಶೈಲಮ್ಮ ಮಾಡುವ ಶರಣು. ಬೀಗರಿಗೆ ಬರೆಯುವಾಗ ಮೊದಲು ಕ್ಷೇಮ ಕೇಳಬೇಕು ಎನ್ನುವುದು ನನಗೂ ಗೊತ್ತು. ಕೇಳಿದ್ದೇನೆ ಎಂದು ತಿಳಿದುಕೊಳ್ಳಿ. ನೀವು ಚೆನ್ನಾಗಿಯೇ ಇರುತ್ತೀರಿ. ಪ್ರಿನ್ಸ್‌ಟನ್ನಿನಲ್ಲಿ ಕಿರಿಯ ಮಗ ಶಿವಕಿರಣನ ಮನೆಯ ಹಿಂದೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಜಗತ್ತಿನ ಯಾವ ಮಾತು ಯಾವ ಕನ್ನಡ ಪದದಿಂದ ಹುಟ್ಟಿತು ಎಂದು ಯೋಚಿಸುತ್ತ ಕೂತವರಿಗೆ ಏನಾಗಬೇಕು? ಚೆನ್ನಾಗಿಲ್ಲದವಳು ಈ ಮನೆಯಲ್ಲಿದ್ದಾಳೆ. ನಿಮ್ಮ ಹಿರಿಯ ಮಗ ವೀರೇಂದ್ರನ ಮಗಳು, ನನ್ನ ಸ್ಮಿತಾಳ ಮಗಳು, ನಮ್ಮಿಬ್ಬರಿಗೂ ಇರುವ ಒಬ್ಬಳೇ ಮೊಮ್ಮಗಳು ಶ್ರಿಯಾ.

ಈ ಕಾಲದಲ್ಲಿ ಕಾಗದ ಯಾಕೆ ಎನ್ನುತ್ತೀರಿ. ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಅದನ್ನು ಕನ್ನಡ ಕೂಟದ ಗ್ರೂಪಿಗೆ ಫಾರ್ವರ್ಡ್ ಮಾಡಿ ಕೆಳಗೆ ಕೈಮುಗಿಯುವ ಚಿತ್ರ ಹಾಕುತ್ತೀರಿ. ಕಾಗದವನ್ನು ಹಾಗೆ ಮಾಡಲು ಬರುವುದಿಲ್ಲ. ಕೈಯಲ್ಲಿ ಹಿಡಿದು ಒಬ್ಬರೇ ಓದಬೇಕು, ಓದಿ ಒಬ್ಬರೇ ಕೂತಿರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಶನಿವಾರ ಶ್ರಿಯಾಳ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ ಇತ್ತು. ನಿಮಗೆ ಗೊತ್ತು, ಶುಕ್ರವಾರ ಸಂಜೆ ವಿಡಿಯೋ ಕಾಲ್ ಮಾಡಿ ಆಶೀರ್ವಾದ ಮಾಡಿದವರು ನೀವೇ. ಆ ಆಶೀರ್ವಾದದ ಫಲ ಏನಾಯಿತು ಎನ್ನುವುದನ್ನು ಈಗ ಕೇಳಿ. ನ್ಯೂಅರ್ಕ್ ಅವೆನ್ಯೂದಲ್ಲಿ ಸಿಹಿತಿಂಡಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮಾಸ್ಟರ್ ನಾಮ್ ಎಂಬುವರು ಟೇಕ್ವಾಂಡೋ ಕಲಿಸುತ್ತಾರೆ. ಕೊರಿಯಾದವರು, ನಮ್ಮ ವಯಸ್ಸಿನವರು, ಮಾತು ಕಡಿಮೆ. ಶ್ರಿಯಾ ಹಾಲುಹಲ್ಲು ಬೀಳುವ ಮುಂಚಿನಿಂದ ಅಲ್ಲಿಗೆ ಹೋಗುತ್ತಿದ್ದಾಳೆ. ಶನಿವಾರ ಸ್ಮಿತಾಳಿಗೆ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸ್, ವೀರೇಂದ್ರನಿಗೆ ಪ್ಲಾಂಟಿನಲ್ಲಿ ಏನೋ ಕೆಟ್ಟಿತ್ತು. ಹಾಗಾಗಿ ಗೋಡೆಯ ಬದಿಯ ಬೆಂಚಿನ ಮೇಲೆ ಬೇರೆ ತಂದೆತಾಯಿಯರ ನಡುವೆ ನಮ್ಮ ಕಡೆಯಿಂದ ಕೂತಿದ್ದವಳು ನಾನೊಬ್ಬಳೇ.

ಒದೆಯುವುದು, ಹಾರುವುದು, ಹಲಗೆ ಮುರಿಯುವುದು ಎಲ್ಲ ಮುಗಿಯಿತು. ಅದಾದ ಮೇಲೆ ಅಲ್ಲೊಂದು ಬಾಯಿಪರೀಕ್ಷೆ ಇದೆ. ಈ ವಿದ್ಯೆ ಎಲ್ಲಿಂದ ಬಂತು, ಇದರ ಐದು ತತ್ವಗಳು ಯಾವುವು, ಅದರಲ್ಲಿ ನಿನಗೆ ತಿಳಿದದ್ದು ಏನು, ಇಷ್ಟು. ಎಲ್ಲಿಂದ ಬಂತು ಎನ್ನುವುದಕ್ಕೆ ಉತ್ತರ ಅವಳಿಗೆ ಚೆನ್ನಾಗಿ ಗೊತ್ತು. ಮಾಸ್ಟರು ಅದನ್ನು ಪ್ರತಿ ವರ್ಷ ಹೇಳುತ್ತಾರೆ, ಬೆಂಚಿನ ಮೇಲೆ ಕೂತ ನನಗೂ ಬಾಯಿಗೆ ಬರುತ್ತದೆ. ಜಪಾನಿನವರು ಕೊರಿಯಾವನ್ನು ಆಳುತ್ತಿದ್ದಾಗ ಕೆಲವು ಹುಡುಗರು ಓದಲೆಂದು ಜಪಾನಿಗೆ ಹೋದರು. ಅಲ್ಲಿ ಕರಾಟೆ ಕಲಿತರು. ದೇಶ ಬಿಡುಗಡೆಯಾದ ಮೇಲೆ ವಾಪಸು ಬಂದು ಸಿಯೋಲ್‌ನಲ್ಲಿ ಒಬ್ಬೊಬ್ಬರೂ ಒಂದೊಂದು ಶಾಲೆ ತೆರೆದರು. ಕಾಲಿನ ವರಸೆಗಳನ್ನು ಬೆಳೆಸಿದರು. ಹತ್ತು ವರ್ಷ ಕಳೆದ ಮೇಲೆ ಅದಕ್ಕೆ ಕಾಲು, ಮುಷ್ಟಿ, ದಾರಿ ಎಂಬ ಮೂರು ಮಾತು ಸೇರಿಸಿ ಟೇಕ್ವಾಂಡೋ ಎಂದು ಹೆಸರಿಟ್ಟರು. ನಮ್ಮ ಭಾಷೆಯನ್ನು ಶಾಲೆಯಿಂದ ಓಡಿಸಿದವರ ಕೈಯಲ್ಲೇ ನಮ್ಮ ಗುರುಗಳ ಗುರುಗಳು ಕಲಿತದ್ದು, ಅದನ್ನು ಮರೆಮಾಡಬಾರದು ಎಂದು ಮಾಸ್ಟರು ಕೊನೆಗೆ ಹೇಳುತ್ತಾರೆ.

ನಿಮ್ಮ ಮೊಮ್ಮಗಳು ಇದ್ಯಾವುದನ್ನೂ ಹೇಳಲಿಲ್ಲ. ದಕ್ಷಿಣ ದೇಶದ ಸನ್ಯಾಸಿಯೊಬ್ಬ ಚೀನಾಕ್ಕೆ ಹೋದನಂತೆ, ಅವನು ಮೂಲತಃ ಮಲಪ್ರಭೆಯ ದಂಡೆಯವನಂತೆ, ಅವನ ಶಿಷ್ಯರು ಗರಡಿಮನೆಯ ಪಟ್ಟುಗಳನ್ನು ಕೊರಿಯಾಕ್ಕೆ ಒಯ್ದರಂತೆ. ಗುರು ಅಂಗಳದಲ್ಲಿ ನಿಂತು ಹುಡುಗರಿಗೆ ಕನ್ನಡದಲ್ಲಿ ತಾಕೊಂದು, ತಾಕೊಂದು ಎಂದು ಕೂಗುತ್ತಿದ್ದನಂತೆ, ಅಂದರೆ ಒಂದು ಏಟು ತಾಕಲಿ ಎಂದು. ಅದೇ ಟೇಕ್ವಾಂಡೋ ಆಯಿತಂತೆ. ಮುಂದಿನ ಸಾಲಿನ ಪರೀಕ್ಷಕರ ಎದುರು, ಕೈ ಕಟ್ಟಿಕೊಂಡು, ಕಂಚಿನ ಕಂಠದಲ್ಲಿ ಹೇಳಿದಳು. ತಾಕೊಂದು ಎನ್ನುವಾಗ ಗಾಳಿಯಲ್ಲಿ ಗುದ್ದಿಯೂ ತೋರಿಸಿದಳು.

ಬೆಂಚುಗಳ ಕಡೆಯಿಂದ ಯಾರೋ ನಕ್ಕರು. ಒಬ್ಬರು ನಕ್ಕ ಮೇಲೆ ಮತ್ತೊಬ್ಬರು, ಆಮೇಲೆ ಮಕ್ಕಳು. ಮಾಸ್ಟರ್ ನಾಮ್ ಮಾತ್ರ ನಗಲಿಲ್ಲ. ಇದನ್ನು ನಿನಗೆ ಹೇಳಿದವರು ಯಾರು ಎಂದು ಕೇಳಿದರು. ಶ್ರಿಯಾಳ ಕಿವಿ ಕೆಂಪಾಗಿತ್ತು. ನೋಬಡಿ, ಐ ಮೇಡ್ ಇಟ್ ಅಪ್ ಎಂದಳು. ಅವರು ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದಳು. ನಿಮ್ಮ ಹೆಸರು ಅವಳ ಬಾಯಿಂದ ಹೊರಗೆ ಬರಲಿಲ್ಲ ಬೀಗರೇ. ಮಾಸ್ಟರು ಮೇಜಿನ ಮೇಲಿದ್ದ ಕರಿಯ ಬೆಲ್ಟನ್ನು ಪೆಟ್ಟಿಗೆಗೆ ಹಾಕಿದರು. ತಪ್ಪು ಉತ್ತರಕ್ಕೆ ನಾನು ಯಾರನ್ನೂ ಫೇಲ್ ಮಾಡುವುದಿಲ್ಲ, ಆದರೆ ನೀನು ಎರಡು ಸಲ ನನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದೆ ಎಂದರು. ಇಪ್ಪತ್ತೈದನೇ ತಾರೀಖು ಶನಿವಾರ ಮತ್ತೆ ಬಾ, ಹೇಳಿಕೊಟ್ಟವರ ಹೆಸರು ಹೇಳು, ಇಲ್ಲವೇ ಅವರನ್ನೇ ಕರೆದುಕೊಂಡು ಬಾ ಎಂದರು. ಎರಡೂ ಆಗದಿದ್ದರೆ ಬರಬೇಡ ಎಂದರು.

ಮನೆಗೆ ಬಂದವಳು ಬಿಳಿ ಸಮವಸ್ತ್ರವನ್ನು ಉಂಡೆ ಮಾಡಿ, ದಾನಕ್ಕೆ ಕೊಡುವ ಹಳೇ ಬಟ್ಟೆಯ ಚೀಲಕ್ಕೆ ತುರುಕಿದಳು. ಅಪ್ಪ ಅಮ್ಮನಿಗೆ ಬೋರ್ ಆಗಿದೆ, ಬಿಟ್ಟೆ ಎಂದು ಹೇಳಿದಳು. ಊಟಕ್ಕೆ ಕರೆದರೆ ಐ ಯಾಮ್ ಗುಡ್ ಎನ್ನುತ್ತಾಳೆ. ಇಷ್ಟು ವರ್ಷ ಬೆವರು ಸುರಿಸಿದ ಮಗು ಸುಳ್ಳುಗಾತಿ ಎನಿಸಿಕೊಂಡು ಕೂತಿದೆ, ಯಾಕೆಂದರೆ ಅವಳ ಅಜ್ಜನಿಗೆ ಒಂದು ಶಾಲು ಬೇಕಿತ್ತು. ಗಣೇಶ ಹಬ್ಬದ ದಿನ ಕನ್ನಡ ಕೂಟದ ವೇದಿಕೆಯ ಮೇಲೆ ಅವಳನ್ನು ನಿಲ್ಲಿಸಿ, ಅವಳು ಒಂದು ಕಾಲು ಎತ್ತಿದಾಗಲೆಲ್ಲ ಮೈಕಿನಲ್ಲಿ ತಾಕೊಂದು ಎಂದು ಕೂಗಿ ಚಪ್ಪಾಳೆ ಗಿಟ್ಟಿಸಿದಿರಲ್ಲ, ಆ ಶಾಲು. ಶುಕ್ರವಾರ ಫೋನಿನಲ್ಲಿ ಅವಳಿಗೆ ಹೇಳಿದ್ದನ್ನು ಅಡುಗೆಮನೆಯಿಂದ ನಾನೂ ಕೇಳಿದ್ದೇನೆ. ಏನೂ ಅಂಜಬ್ಯಾಡವಾ, ಇದು ನಮ್ಮದು ಅಂತ ಎದಿ ತಟ್ಟಿ ಹೇಳು ಎಂದಿರಿ. ಹೋಬೋಕನ್ ಎಂಬುದು ಹೋಗಬೇಕು ಎಂಬುದರ ಅಪಭ್ರಂಶ ಎಂದು ಫೆರಿಯಲ್ಲಿ ಕೂತು ನೀವು ಹೇಳಿದಾಗ ನಾವೆಲ್ಲ ನಕ್ಕು ಸುಮ್ಮನಾಗಿದ್ದೆವು. ಆವತ್ತೇ ನಿಮ್ಮ ಬಾಯಿಗೆ ಬೀಗ ಹಾಕಬೇಕಿತ್ತು.

ಆ ಐದು ತತ್ವಗಳಲ್ಲಿ ಎರಡನೆಯದನ್ನು ಇಂಗ್ಲಿಷಿನಲ್ಲಿ ಇಂಟೆಗ್ರಿಟಿ ಎಂದು ಬರೆದು ಗೋಡೆಗೆ ಹಾಕಿದ್ದಾರೆ. ಕೊರಿಯನ್ ಭಾಷೆಯಲ್ಲಿ ಅದು ಯೊಮ್‌ಚಿ. ಒಂದು ಸಲ ನಾನು ಮಾಸ್ಟರನ್ನು ಕೇಳಿದ್ದೆ. ಅವರು ಸ್ವಲ್ಪ ಯೋಚಿಸಿ, ಇಂಗ್ಲಿಷ್ ಮಾತು ಪೂರಾ ಸರಿಯಿಲ್ಲ, ತಪ್ಪು ಮಾಡಿದಾಗ ಮುಖ ಬಿಸಿಯಾಗುತ್ತದಲ್ಲ, ಅದು ಯೊಮ್‌ಚಿ ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಅದರ ಅರ್ಥ ಹುಡುಕಲು ನಿಘಂಟು ಬೇಕಾಗಲಿಲ್ಲ. ನಾಚಿಕೆ. ನಿಮಗೆ ಅದು ಇದ್ದರೆ, ಇಪ್ಪತ್ತೈದನೇ ತಾರೀಖು ಮಧ್ಯಾಹ್ನ ಬಂದು, ಹೇಳಿದವನು ನಾನು ಎಂದು ಆ ಮಾಸ್ಟರ ಮುಂದೆ ಹೇಳಿ ಹೋಗಿ. ಚಹಾ ಕುಡಿದು ಹೋಗಿ ಎಂದು ನಾನು ಕರೆಯುವುದಿಲ್ಲ.

ಬೀಗತಿ ಎಂಬ ಕಾರಣಕ್ಕೆ ಇಷ್ಟು ಮೆತ್ತಗೆ ಬರೆದ,
ಶೈಲಮ್ಮ

ತಾ.ಕ.: ವೀರೇಂದ್ರ, ಸ್ಮಿತಾರಿಗೆ ನಾನು ಏನೂ ಹೇಳಿಲ್ಲ. ಹೇಳಬೇಡ ಎಂದು ಶ್ರಿಯಾ ಕೇಳಿಕೊಂಡಿದ್ದಾಳೆ. ನಿಮ್ಮ ಮೇಲಿನ ಕರುಣೆಯಿಂದಲ್ಲ.



ಪ್ರಿನ್ಸ್‌ಟನ್,
೧೩ ಅಕ್ಟೋಬರ್ ೨೦೨೫

ಬೀಗತಿ ಶ್ರೀಮತಿ ಶೈಲಮ್ಮನವರಿಗೆ,

ಶಿವಶಂಕರಪ್ಪನ ಶರಣು ಶರಣಾರ್ಥಿ. ತಮ್ಮ ಪತ್ರ ತಲುಪಿತು. ಕೈಬರಹ ಎಂದಿನಂತೆ ದುಂಡಾಗಿದೆ. ಭಾಷೆ ಹಾಗಿಲ್ಲ. ನೀರಾವರಿ ಇಲಾಖೆಯಲ್ಲಿ ಇಡೀ ಆಯುಷ್ಯ ಕಳೆದೆ, ಕಂಟ್ರಾಕ್ಟರುಗಳೂ ನನ್ನ ಬಾಯಿಗೆ ಬೀಗ ಹಾಕುವ ಮಾತಾಡಿರಲಿಲ್ಲ. ಮದುವೆಯ ದಿನ ನಮ್ಮ ಕಡೆಯ ಹಿರಿಯರಿಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದ ಮನೆತನದಿಂದ ಇನ್ನೇನು ನಿರೀಕ್ಷಿಸಲಿ?

ತಾಕೊಂದು ಎಂದದ್ದು ನಾನೇ, ಅಲ್ಲ ಎನ್ನುವುದಿಲ್ಲ. ಆದರೆ ನಾನು ಅದನ್ನು ಒಂದು ಸಾಧ್ಯತೆ ಎಂದು ಹೇಳಿದ್ದೆ. ಸಾಧ್ಯತೆ ಎಂಬ ಮಾತು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸದೇ ಹೋದರೆ ತಪ್ಪು ನನ್ನದಲ್ಲ. ಕೊರಿಯಾದವರೂ ತಮ್ಮ ವಿದ್ಯೆ ಎರಡು ಸಾವಿರ ವರ್ಷದಷ್ಟು ಹಳೆಯದು, ಹಳೆಯ ರಾಜರ ಕಾಲದ ವೀರ ಯುವಕರದ್ದು ಎಂದು ಬಹಳ ಕಾಲ ಪುಸ್ತಕಗಳಲ್ಲಿ ಬರೆದುಕೊಂಡವರೇ. ಅದನ್ನು ನಾನೂ ಓದಿದ್ದೇನೆ. ತಮ್ಮ ಮಾಸ್ಟರು ಮಾತ್ರ ಅದು ನಿನ್ನೆ ಮೊನ್ನೆಯದು, ವೈರಿಯ ಮನೆಯಿಂದ ತಂದದ್ದು ಎಂದು ಮಕ್ಕಳಿಗೆ ಹೇಳುತ್ತಾರಂತೆ. ತನ್ನ ಮನೆಯ ಬಗ್ಗೆ ಯಾವ ಮನುಷ್ಯ ಹಾಗೆ ಹೇಳಿಕೊಳ್ಳುತ್ತಾನೆ? ಇದು ನನಗೆ ಅರ್ಥವಾಗಿಲ್ಲ, ಇದನ್ನು ಪ್ರಾಮಾಣಿಕವಾಗಿಯೇ ಬರೆಯುತ್ತಿದ್ದೇನೆ.

ಈಗ ತಮ್ಮ ಸರದಿ. ಪರೀಕ್ಷೆಯ ದಿನ ಸಂಜೆ ಮಗು ನನಗೆ ಫೋನ್ ಮಾಡಿದ್ದಳು, ಇದನ್ನು ತಮಗೆ ಹೇಳಿರಲಿಕ್ಕಿಲ್ಲ. ಅಜ್ಜಾ, ಐ ಕೆಪ್ಟ್ ಯುವರ್ ಮರ್ಯಾದೆ ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಕೇಳಿದರೆ, ಮೊದಲನೆಯ ತತ್ವ ಕರ್ಟಸಿ, ಕನ್ನಡದಲ್ಲಿ ಅದು ಮರ್ಯಾದೆ, ಅಜ್ಜಿ ಹೇಳಿಕೊಟ್ಟಿದ್ದಾರೆ ಎಂದಳು. ಆ ಮನೆಯಲ್ಲಿ ಮಗು ಮರ್ಯಾದೆ ಎಂಬ ಮಾತನ್ನು ಯಾವಾಗ ಕೇಳಿದೆ? ಮನೆ ಮರ್ಯಾದೆ ತೆಗೀಬೇಡ, ನಾಲ್ಕು ಜನರ ಮುಂದೆ ಮರ್ಯಾದೆ ಹೋಯ್ತು ಎಂದು ತಾವೇ ಸ್ಮಿತಾಳನ್ನು ಗದರುವಾಗ. ಹಿರಿಯರ ಮಾನ ಉಳಿಸಲು ಸುಳ್ಳು ಹೇಳುವುದೇ ಮೊದಲನೆಯ ತತ್ವ ಎಂದು ತಿಳಿದುಕೊಂಡು ಅದು ಸುಳ್ಳು ಹೇಳಿದೆ. ವಿನಯ ಎಂಬ ಸಣ್ಣ ಮಾತು ಮೂವತ್ತು ವರ್ಷ ಕನ್ನಡ ಕಲಿಸಿದವರ ನೆನಪಿಗೆ ಬರಲಿಲ್ಲವೆ? ನನ್ನ ಪದ ತಪ್ಪಿದ್ದಕ್ಕೆ ಜನ ನಕ್ಕರು. ತಮ್ಮ ಪದ ತಪ್ಪಿದ್ದಕ್ಕೆ ಮಗು ಸುಳ್ಳುಗಾತಿಯಾಯಿತು.

ಇನ್ನೂ ಒಂದು ಕೇಳುತ್ತೇನೆ. ತಾವು ಅಲ್ಲೇ ಕೂತಿದ್ದಿರಿ. ಹೇಳಿದ್ದು ಇವಳ ಅಜ್ಜ ಎಂದು ಎದ್ದು ನಿಂತು ಒಂದು ಮಾತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಹೆಸರು ಹೇಳಲು ತಮಗೇನೂ ಸಂಕೋಚವಿರಲಿಲ್ಲ. ಯಾಕೆ ಏಳಲಿಲ್ಲ? ಮತ್ತು ಮಗುವಿನ ಮೇಲೆ ಮೊದಲು ನಕ್ಕ ಆ ಪುಣ್ಯಾತ್ಮರು ಯಾರು? ಅವರಿಗೆ ಯಾವ ತತ್ವ ಕಲಿಸಿದ್ದಾರೆ ತಮ್ಮ ಮಾಸ್ಟರು?

ಎಪ್ಪತ್ತು ದಾಟಿದ ಮೇಲೆ, ಮಿಠಾಯಿ ಅಂಗಡಿಯ ಮಹಡಿ ಹತ್ತಿ, ಗುರುತಿಲ್ಲದವರ ಮುಂದೆ ತಪ್ಪೊಪ್ಪಿಗೆ ಕೊಡಲು ನಾನು ಸಿದ್ಧನಿಲ್ಲ. ಶನಿವಾರ ನನಗೆ ರಾಜ್ಯೋತ್ಸವದ ಸಭೆಯ ತಯಾರಿ ಇದೆ. ಈ ಸಲವೂ ಅಧ್ಯಕ್ಷತೆಗೆ ನನ್ನನ್ನೇ ಕೇಳಿದ್ದಾರೆ.

ಇತಿ, ತಮ್ಮ ಮಗಳ ಮಾವ ಎಂಬುದನ್ನು ಮರೆಯದ,
ಶಿವಶಂಕರಪ್ಪ

ತಾ.ಕ.: ಬರುವುದಿಲ್ಲ ಎಂದು ಬರೆದಿದ್ದೇನೆ. ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತೇನೆ. ಆ ಮಹಡಿಗೆ ಲಿಫ್ಟ್ ಇದೆಯೇ?



ಜರ್ಸಿ ಸಿಟಿ,
೨೬ ಅಕ್ಟೋಬರ್ ೨೦೨೫

ಬೀಗರಿಗೆ,

ಶರಣು. ಲಿಫ್ಟ್ ಇಲ್ಲ. ನಿಮ್ಮ ಪತ್ರಕ್ಕೆ ನಾನು ಬೇಕೆಂದೇ ಉತ್ತರ ಬರೆಯಲಿಲ್ಲ. ಮೊಣಕಾಲು ಹಿಡಿದುಕೊಂಡು ಹತ್ತಲಿ ಎಂದೇ ಸುಮ್ಮನಿದ್ದೆ. ನಿನ್ನೆ ನೀವು ಬಾಗಿಲಲ್ಲಿ ನಿಂತು ಏದುಸಿರು ಬಿಡುವಾಗ ನನಗೆ ಅಯ್ಯೋ ಅನ್ನಿಸಲಿಲ್ಲ ಎಂದು ಬರೆಯಬೇಕು ಎಂದುಕೊಂಡಿದ್ದೆ. ಸ್ವಲ್ಪ ಅನ್ನಿಸಿತು. ಅಷ್ಟಕ್ಕೇ ಬೀಗಬೇಡಿ.

ನೀವು ಬರುತ್ತೀರಿ ಎಂದು ನಾನು ಶ್ರಿಯಾಳಿಗೆ ಹೇಳಿರಲಿಲ್ಲ, ಯಾಕೆಂದರೆ ನಾನೇ ನಂಬಿರಲಿಲ್ಲ. ಅವಳನ್ನು ಮನೆಯಿಂದ ಎಬ್ಬಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಹಳೇ ಬಟ್ಟೆಯ ಚೀಲದಿಂದ ಸಮವಸ್ತ್ರ ತೆಗೆದು, ಒಗೆದು, ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟಿದ್ದೆ. ಅಜ್ಜನ ಹೆಸರು ನಾನು ಹೇಳುತ್ತೇನೆ, ನೀನು ಸುಮ್ಮನೆ ನಿಂತಿರು ಎಂದೆ. ಯು ವೋಂಟ್ ಎಂದಳು. ನೀನು ಹೇಳುವುದಿಲ್ಲ ಎಂದಳು, ನನ್ನ ಮುಖ ನೋಡದೆ. ನನಗೆ ರೇಗಿತು. ಆಮೇಲೆ ಅವಳೇ ಎದ್ದು ಹಾಕಿಕೊಂಡಳು.

ನೀವು ಬಂದದ್ದು ತಡವಾಗಿ. ಕೋಟು, ಟೈ, ಗಣೇಶ ಹಬ್ಬದ ಶಾಲು. ಆ ಶಾಲು ಯಾಕೆ ಬೇಕಿತ್ತು ನಿಮಗೆ? ಒಪ್ಪಿಕೊಳ್ಳಲು ಬಂದವರು ರೆಸ್ಪೆಕ್ಟೆಡ್ ಮಾಸ್ಟರ್, ಲೇಡೀಸ್ ಅಂಡ್ ಜಂಟಲ್‌ಮನ್ ಎಂದು ಶುರು ಮಾಡಿದಿರಿ. ಕನ್ನಡದ ಪ್ರಾಚೀನತೆ, ಮಲಪ್ರಭೆ, ಶಾಸನಗಳು, ನೀವು ಕಟ್ಟಿಸಿದ ಕಾಲುವೆ. ಪಕ್ಕದಲ್ಲಿ ಕೂತಿದ್ದ ರಿಷಿ ಎಂಬ ಹುಡುಗನ ತಾಯಿ, ಈ ಅಂಕಲ್ ಚೀಫ್ ಗೆಸ್ಟಾ ಎಂದು ನನ್ನನ್ನು ಕೇಳಿದಳು. ನಾನು ಹಲ್ಲು ಕಡಿದುಕೊಂಡು ಕೂತೆ. ಆಮೇಲೆ ನೀವು ಶ್ರಿಯಾಳ ಕಡೆ ನೋಡಿದಿರಿ. ನಿಮ್ಮ ದನಿ ಇಳಿಯಿತು. ದ ವರ್ಡ್ ಈಸ್ ಮೈನ್ ಎಂದಿರಿ. ಐ ಟೋಲ್ಡ್ ಹರ್, ಶಿ ಟ್ರಸ್ಟೆಡ್ ಮಿ, ದ ಚೈಲ್ಡ್ ಈಸ್ ನಾಟ್ ಎ ಲಯರ್ ಎಂದಿರಿ. ಮಾಸ್ಟರು ಬಾಯಿ ತೆರೆಯುವ ಮೊದಲೇ ತಿರುಗಿ ಮೆಟ್ಟಿಲಿನ ಕಟಕಟೆ ಹಿಡಿದುಕೊಂಡು ಇಳಿದು ಹೋದಿರಿ. ಶ್ರಿಯಾ ಕಿಟಕಿಗೆ ಓಡಿದಳು. ಜರ್ನಲ್ ಸ್ಕ್ವೇರ್ ಸ್ಟೇಷನ್ನಿಗೆ ಹೋಗುವ ಬದಲು ನೀವು ಎದುರು ದಿಕ್ಕಿಗೆ ನಡೆಯುತ್ತಿದ್ದಿರಿ. ಹೀ ಈಸ್ ಗೋಯಿಂಗ್ ದ ರಾಂಗ್ ವೇ ಎಂದು ಅಳುತ್ತ ನಕ್ಕಳು. ಹೇಗೋ ಮನೆ ಸೇರಿದಿರಿ ಎಂದು ಶಿವಕಿರಣನಿಂದ ತಿಳಿಯಿತು.

ನೀವು ನಿಲ್ಲದೆ ಹೋದದ್ದರಿಂದ ಮುಂದೆ ನಡೆದದ್ದನ್ನು ಬರೆಯುವ ಕರ್ಮ ನನ್ನ ಪಾಲಿಗೆ ಬಂತು.

ಮಾಸ್ಟರ್ ನಾಮ್ ಮಕ್ಕಳನ್ನು ಕೂರಿಸಿ ಒಂದು ಮಾತು ಹೇಳಿದರು. ತನ್ನ ಮನೆಯ ಬಗ್ಗೆ ಯಾರು ಹಾಗೆ ಹೇಳಿಕೊಳ್ಳುತ್ತಾರೆ ಎಂದು ನೀವು ಕೇಳಿದ್ದ ಪ್ರಶ್ನೆಗೆ ಅದು ಉತ್ತರವೂ ಹೌದು, ಅದಕ್ಕೇ ಬರೆಯುತ್ತೇನೆ. ಅವರ ಗುರುಗಳೂ ಅವರಿಗೆ ಇದು ಎರಡು ಸಾವಿರ ವರ್ಷದ ವಿದ್ಯೆ ಎಂದೇ ಹೇಳಿದ್ದರಂತೆ. ಅವರು ಅದನ್ನು ನಂಬಿ, ಅಮೆರಿಕಕ್ಕೆ ಬಂದ ಹೊಸತರಲ್ಲಿ ಇದೇ ಮಹಡಿಯಲ್ಲಿ ಹಾಗೆಯೇ ಕಲಿಸಿದರಂತೆ. ಮುಂದೆ ಜಪಾನಿನ ಒಬ್ಬ ಮುದುಕ ಇಲ್ಲಿಗೆ ಬಂದು, ಮಕ್ಕಳ ವರಸೆ ನೋಡುತ್ತ, ಮುಂದಿನ ಹೆಜ್ಜೆ ಯಾವುದು ಎಂದು ಮೊದಲೇ ಹೇಳತೊಡಗಿದನಂತೆ. ಅದು ಅವನು ಬಾಲ್ಯದಲ್ಲಿ ಕಲಿತ ವರಸೆಯೇ ಆಗಿತ್ತು. ಮಾಸ್ಟರಿಗೆ ಮೈಯೆಲ್ಲ ಉರಿಯಿತಂತೆ. ಅವನನ್ನು ಮೆಟ್ಟಿಲಿಳಿಸಿ ಕಳಿಸಿದರಂತೆ. ಪುಸ್ತಕ ಓದಿ, ಹಿರಿಯರನ್ನು ಕೇಳಿ, ನಿಜ ಒಪ್ಪಿಕೊಂಡು ಕಲಿಸಲು ಶುರು ಮಾಡುವ ಹೊತ್ತಿಗೆ ಆ ಮುದುಕ ಎಲ್ಲಿದ್ದಾನೆ ಎಂದೇ ಗೊತ್ತಿರಲಿಲ್ಲವಂತೆ. ಇವಳ ಅಜ್ಜ ನನಗಿಂತ ಬೇಗ ಬಂದರು ಎಂದು ಹೇಳಿ, ನೀವು ಇಳಿದು ಹೋದ ಖಾಲಿ ಬಾಗಿಲಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ನಿಮಗೆ ಸಿಗಬೇಕಾದ ನಮಸ್ಕಾರವನ್ನು ಕಾದು ಇಸಿದುಕೊಳ್ಳುವಷ್ಟು ವ್ಯವಧಾನ ನಿಮಗೆ ಇರಲಿಲ್ಲ. ಹೋಬೋಕನ್.

ಆಮೇಲೆ ಅವಳನ್ನು ನಿಲ್ಲಿಸಿ ಕೇಳಿದರು. ಈ ವಿದ್ಯೆ ಎಲ್ಲಿಂದ ಬಂತು ಎಂಬುದಕ್ಕೆ ಜಪಾನು, ಸಿಯೋಲು, ಶಾಲೆಗಳು, ಹೆಸರಿಟ್ಟದ್ದು, ಎಲ್ಲವನ್ನೂ ತಪ್ಪಿಲ್ಲದೆ ಹೇಳಿದಳು. ಕೊನೆಗೆ, ಕನ್ನಡದಲ್ಲಿ ಇದಕ್ಕೆ ಹತ್ತಿರದ ಸದ್ದಿನ ಒಂದು ಮಾತಿದೆ, ಅದು ಬರೀ ಸದ್ದು, ಆದರೆ ಮೈ ಗ್ರ್ಯಾಂಡ್‌ಫಾದರ್ ಲೈಕ್ಸ್ ಇಟ್ ಎಂದು ಸೇರಿಸಿದಳು. ಈ ಸಲ ಯಾರೂ ನಗಲಿಲ್ಲ.

ಮೊದಲನೆಯ ತತ್ವಕ್ಕೆ ಕರ್ಟಸಿ ಎಂದಳು. ನಮ್ಮ ಭಾಷೆಯಲ್ಲಿ ಅದು ಮರ್ಯಾದೆ, ನಾನು ಅದನ್ನು ಉಳಿಸುವಂಥದ್ದು ಎಂದುಕೊಂಡಿದ್ದೆ, ಅದು ಕೊಡುವಂಥದ್ದು ಎಂದಳು. ಇದು ನನಗೆ ಬಿದ್ದ ಏಟು, ನಿಮ್ಮ ಪತ್ರದಲ್ಲೂ ಇದೇ ಏಟು ಇತ್ತು. ವಿನಯ ಎಂಬ ಮಾತು ನನಗೆ ಗೊತ್ತಿಲ್ಲದ್ದಲ್ಲ. ವಿನಯ ಪುಸ್ತಕದ ಮಾತು, ಮರ್ಯಾದೆ ಮನೆಯ ಮಾತು, ಮಗುವಿಗೆ ಮನೆಯ ಮಾತು ಸಿಗಲಿ ಎಂದು ಕೊಟ್ಟೆ. ಮನೆಯಲ್ಲಿ ಆ ಮಾತನ್ನು ನಾವು ಹೇಗೆಲ್ಲ ಬಳಸುತ್ತೇವೆ ಎಂದು ಯೋಚಿಸಲಿಲ್ಲ. ನೀವು ಹೇಳಿದ್ದು ಸರಿ. ಈ ವಾಕ್ಯವನ್ನು ಬರೆಯಲು ನನಗೆ ಎಷ್ಟು ಕಷ್ಟವಾಗಿದೆ ಎಂದರೆ ಎದ್ದು ಹೋಗಿ ಪಾತ್ರೆ ತೊಳೆದು ಬಂದು ಬರೆದೆ. ನಮ್ಮ ಕಡೆಯವರು ಎರಡನೇ ಪಂಕ್ತಿಗೆ ಎಲೆ ಹಾಕಿದ್ದು ನಿಮ್ಮ ದಿಬ್ಬಣ ಎರಡು ತಾಸು ತಡವಾಗಿ ಬಂದದ್ದಕ್ಕೆ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಎರಡನೆಯ ತತ್ವಕ್ಕೆ ಅವಳು ಏನು ಹೇಳಿದಳು ಎನ್ನುವುದು ನಿಮಗೆ ಬೇಕಿಲ್ಲ. ಉತ್ತರ ಸರಿಯಾಗಿತ್ತು, ಅಷ್ಟು ಸಾಕು. ಉಳಿದ ಮೂರು ತಾಳ್ಮೆ, ಮನಸ್ಸಿನ ಹತೋಟಿ, ಬಗ್ಗದ ಎದೆಗಾರಿಕೆ. ಅವನ್ನು ಪಟಪಟನೆ ಹೇಳಿ ಮುಗಿಸಿದಳು.

ಪಾಸಾಗಿದ್ದಾಳೆ. ಬೆಲ್ಟನ್ನು ಬರುವ ಶನಿವಾರ ಬೆಳಿಗ್ಗೆ ಕಟ್ಟುತ್ತಾರೆ. ಮನೆಯ ಹಿರಿಯರೊಬ್ಬರು ಕಟ್ಟಬೇಕು ಎನ್ನುವುದು ಆ ಶಾಲೆಯ ಪದ್ಧತಿ. ವೀರೇಂದ್ರ, ಸ್ಮಿತಾರಿಗೆ ಅವಳೇ ಎಲ್ಲವನ್ನೂ ಹೇಳಿದ್ದಾಳೆ, ಇಬ್ಬರೂ ಬರುತ್ತಾರೆ. ಕಟ್ಟುವುದಕ್ಕೆ ಮಾತ್ರ ಅಜ್ಜನೇ ಆಗಬೇಕಂತೆ. ಒಂದನೇ ತಾರೀಖು ನಿಮ್ಮ ರಾಜ್ಯೋತ್ಸವ ಎಂದು ನನಗೆ ಗೊತ್ತು. ನಿಮ್ಮ ಸಭೆ ಸಂಜೆ. ಬೆಲ್ಟ್ ಕಟ್ಟಿ ಆಮೇಲೆ ಎಷ್ಟು ಬೇಕಾದರೂ ಅಧ್ಯಕ್ಷತೆ ವಹಿಸಿ. ಗಂಟು ಹೇಗೆ ಹಾಕುವುದು ಎಂದು ಮೊದಲೇ ಕಲಿತು ಬನ್ನಿ, ಅಲ್ಲಿ ನಿಂತು ಹೊಸ ಸಂಶೋಧನೆ ಮಾಡಬೇಡಿ. ಶೂ ಕೆಳಗೇ ಬಿಡಬೇಕು. ಶಾಲು ಮನೆಯಲ್ಲಿರಲಿ.

ಇದರಿಂದ ನಮ್ಮಿಬ್ಬರ ನಡುವೆ ಏನೋ ಸರಿಹೋಯಿತು ಎಂದು ತಿಳಿಯಬೇಡಿ. ಆ ಮಗುವಿಗೆ ನೀವು ಮಾಡಿದ್ದು ಸಣ್ಣದಲ್ಲ.

ನಿಮ್ಮ ಬೀಗತಿ,
ಶೈಲಮ್ಮ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಯೊಮ್‌ಚಿ ಎಂದರೇನು ಎಂದು ಕೇಳಿದಾಗ ಶ್ರಿಯಾ ಹೇಳಿದ್ದು ಇದು: ಒಬ್ಬರು ತಪ್ಪು ಹೇಳಿದಾಗ ನೀನು ಎಲ್ಲರಿಗಿಂತ ಮೊದಲು ನಕ್ಕಿದ್ದರೆ, ನಕ್ಕದ್ದು ನಾನು ಎಂದು ಹೇಳುವುದು. ಅವಳು ಬೆಂಚಿನ ಕಡೆ ತಿರುಗಲಿಲ್ಲ, ಯಾರ ಹೆಸರನ್ನೂ ಹೇಳಲಿಲ್ಲ.

ಆ ದಿನ ಮೊದಲು ನಕ್ಕವಳು ನಾನು. ಅವಳ ಬಾಯಿಂದ ತಾಕೊಂದು ಎಂದು ಬಂದಾಗ ನನ್ನ ಕಣ್ಣಿಗೆ ಕಂಡದ್ದು ಅವಳಲ್ಲ. ನೀವು, ನಿಮ್ಮ ಮೈಕು, ನಿಮ್ಮ ಶಾಲು. ಸಿಕ್ಕಿಬಿದ್ದಿರಿ ಎಂದು ಎಷ್ಟು ಖುಷಿಯಾಯಿತೆಂದರೆ ನಗು ಜೋರಾಗಿಯೇ ಬಂತು. ಅವಳು ತಿರುಗಿ ನನ್ನನ್ನೇ ನೋಡಿದಳು. ಯಾಕೆ ಏಳಲಿಲ್ಲ ಎಂದು ಕೇಳಿದ್ದಿರಲ್ಲ, ಇದಕ್ಕೆ. ನಿನ್ನೆ ನೀವು ಮೆಟ್ಟಿಲು ಹತ್ತಿ ಬಂದು ಹೇಳಿ ಹೋದ ಮೇಲೂ, ಅವಳು ಆ ಉತ್ತರ ಕೊಟ್ಟ ಮೇಲೂ, ನಾನು ಕೂತೇ ಇದ್ದೆ.

ಶನಿವಾರ ನೀವು ಬೆಲ್ಟ್ ಕಟ್ಟುವ ಮೊದಲು ನಾನು ಎದ್ದು ನಿಲ್ಲಬೇಕು. ಹೇಳಬೇಕಾದ ಎರಡು ಮಾತನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದೇನೆ. ಸ್ವಲ್ಪ ಬೇಗ ಬಂದು ಬೆಂಚಿನ ಮೇಲೆ ಕೂತಿರಿ. ನಗಬೇಡಿ.